ಕಂಪ್ಯೂಟರಿಗೆ ದೊಡ್ಡಮ್ಮನ ಹೆಸರಿಟ್ಟದ್ದು

ಉಪಕಾರ ಮಾಡಿದವರನ್ನು ಮರೆಯಬಾರದು ಎಂದು ಹಿರಿಯರು ಹೇಳಿದ್ದಾರೆ. ಆದರೆ ಹೇಗೆ ನೆನೆಯಬೇಕು, ಎಲ್ಲಿ ನೆನೆಯಬೇಕು, ಎಷ್ಟು ಕಡೆ ಬರೆದಿಡಬೇಕು ಎಂಬುದನ್ನು ಮಾತ್ರ ಹೇಳಿ ಹೋಗಲಿಲ್ಲ. ಸಿಸ್ಟಮಣ್ಣನ ಫಜೀತಿಗೆಲ್ಲ ಹಿರಿಯರ ಈ ಒಂದು ಮರೆವೇ ಕಾರಣ.

ಅವನ ಸ್ವಂತ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಬೀದಿಗೆಲ್ಲ ಅವನು ಸಿಸ್ಟಮಣ್ಣ. ಕನ್ನಡಕದ ಗಾಜು ತಯಾರಿಸುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನ ಕೆಲಸ. ಅದರ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರಿಗಿಂತ ಹಿರಿಯನಾದ, ಗಾಜು ಉಜ್ಜುವ ಮೇಸ್ತ್ರಿಯೂ ಹಾಗೇ ಕರೆಯುತ್ತಿದ್ದ. ಸಿಸ್ಟಮಣ್ಣ ಮೊದಲು ಅಲ್ಲಿ ಸೇರಿದ್ದು ತಯಾರಾದ ಕನ್ನಡಕಗಳನ್ನು ಮನೆಮನೆಗೆ ತಲುಪಿಸುವ ಕೆಲಸಕ್ಕೆ. ತಲುಪಿಸಿದ, ಅದರಲ್ಲಿ ಸಂದೇಹವಿಲ್ಲ. ಒಬ್ಬರದನ್ನು ಇನ್ನೊಬ್ಬರಿಗೆ ತಲುಪಿಸಿದ. ಆ ವಾರವಿಡೀ ಶಾಲೆಯ ಮೇಷ್ಟರೊಬ್ಬರು ತಮ್ಮ ಕ್ಲಾಸಿನ ಮಕ್ಕಳೆಲ್ಲ ಅವಳಿ ಜವಳಿಯೆಂದೇ ತಿಳಿದಿದ್ದರು. ಬೇರೆ ಯಾವ ಮಾಲೀಕರಾದರೂ ಅವನನ್ನು ಮನೆಗೆ ಕಳಿಸುತ್ತಿದ್ದರು. ದೊಡ್ಡಮ್ಮ ಮಾತ್ರ, "ಇವನು ಹೊರಗಿದ್ರೆ ಊರಿಗೆ ಕಷ್ಟ, ಒಳಗೇ ಇರ್ಲಿ" ಎಂದು ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದರು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮನುಷ್ಯ ಬೇರೆ ಕೆಲಸ ಹಿಡಿದು ಹೋದ ಮೇಲೆ ಆ ಕೋಣೆಯಲ್ಲಿ ಇವನೊಬ್ಬನೇ ಉಳಿದ. ಹಾಳೂರಿಗೆ ಉಳಿದವನೇ ಗೌಡ. ಅಂದಿನಿಂದ ಅವನು ಸಿಸ್ಟಮಣ್ಣನಾದ.

ಆ ಕಂಪ್ಯೂಟರ್ ಯುನಿಕ್ಸ್ ವಂಶದ್ದು, ಅಂದರೆ ಅದನ್ನು ಒಳಗಿನಿಂದ ನಡೆಸುವ ಪ್ರೋಗ್ರಾಂನ ಹೆಸರು ಯುನಿಕ್ಸ್. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಪರದೆ, ಹಸಿರು ಅಕ್ಷರ. ಹೇಳಿದ ಕೆಲಸ ಸರಿಯಾಗಿ ಆದರೆ ಅದು ತುಟಿ ಬಿಚ್ಚುತ್ತಿರಲಿಲ್ಲ. ಏನಾದರೂ ಕೆಟ್ಟರೆ ಮಾತ್ರ ಮಾತಾಡುತ್ತಿತ್ತು. ಈ ಗುಣವನ್ನು ಕೇಳಿದಾಗಿನಿಂದ ಸಿಸ್ಟಮಣ್ಣನ ಹೆಂಡತಿಗೆ ಅದರ ಮೇಲೆ ತುಂಬ ಗೌರವ. ವರ್ಕ್‌ಶಾಪಿನಲ್ಲಿ ಅದು ಒಂಟಿ. ಅದಕ್ಕೆ ಟೆಲಿಫೋನ್ ಲೈನ್ ಇರಲಿಲ್ಲ, ಮಾತಾಡಲು ಇನ್ನೊಂದು ಕಂಪ್ಯೂಟರ್ ಇರಲಿಲ್ಲ. ಒಂದು ವೈರು ಗೋಡೆಯ ಪ್ಲಗ್ಗಿಗೆ, ಇನ್ನೊಂದು ಗಾಜು ಕೊರೆಯುವ ಮಷಿನ್ನಿಗೆ, ಅಷ್ಟೇ ಅದರ ಬಂಧು ಬಳಗ. ಆದ್ದರಿಂದ ಯುನಿಕ್ಸ್ ಕಲಿಯುವಾಗ ಸಿಸ್ಟಮಣ್ಣ ನೆಟ್‌ವರ್ಕಿನ ಪಾಠವನ್ನು ಪೂರ್ತಿಯಾಗಿ ಹಾರಿಸಿದ್ದ. ನೆಂಟರೇ ಇಲ್ಲದ ಮನೆಗೆ ಹತ್ತು ಚಾಪೆ ಯಾಕೆ ಎಂಬುದು ಅವನ ವಾದ.

ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಯಿತು. ಬಹಳ ದಿನಗಳ ನಂತರ ಅವರು ಕೋಲು ಹಿಡಿದು ವರ್ಕ್‌ಶಾಪಿಗೆ ಬರುವ ದಿನ ಎಲ್ಲರಿಗೂ ಏನಾದರೂ ಮಾಡಬೇಕೆಂಬ ಆಸೆ. ಮೇಸ್ತ್ರಿ ಅವರ ಕುರ್ಚಿಗೆ ಹೊಸ ಮೆತ್ತೆ ಹಾಕಿದ. ಸಿಸ್ಟಮಣ್ಣ ಯೋಚಿಸಿ ಯೋಚಿಸಿ, ಕಂಪ್ಯೂಟರಿಗೆ ಅವರ ಹೆಸರನ್ನಿಟ್ಟ. ಆ ಕಂಪ್ಯೂಟರನ್ನು ಮಾರಿದ ಕಂಪನಿಯವರು ಅದಕ್ಕೆ ಒಂದು ಅಕ್ಷರ ಮತ್ತು ಒಂದಿಷ್ಟು ಅಂಕಿ ಸೇರಿಸಿ, ಕೈದಿಗೆ ಕೊಡುವಂಥ ಹೆಸರನ್ನು ಕೊಟ್ಟಿದ್ದರು. ಅದನ್ನು ಅಳಿಸಿ ಆ ಜಾಗದಲ್ಲಿ 'ದೊಡ್ಡಮ್ಮ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ. ಈಗ ಪರದೆಯ ನೆತ್ತಿಯ ಮೇಲೆ ಮೊದಲು ಕಾಣುವುದೇ ಆ ಹೆಸರು.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಓದಿದರು. ಮತ್ತೆ ಓದಿದರು.

"ಇದು ಯಾವಾಗ ಆನ್ ಮಾಡಿದ್ರೂ ಹೀಗೇ ಬರುತ್ತಾ?"

"ಬರುತ್ತೆ ದೊಡ್ಡಮ್ಮ."

"ನಾನು ಬರ್ದೇ ಇದ್ದ ದಿನಾನೂ?"

"ನೀವು ಬರ್ದೇ ಇದ್ದ ದಿನಾನೂ."

ಅವರ ಕಣ್ಣು ಒದ್ದೆಯಾಯಿತು. ವರ್ಕ್‌ಶಾಪಿನ ಬೋರ್ಡಿನ ಮೇಲಿದ್ದದ್ದು ತೀರಿಹೋದ ಗಂಡನ ಹೆಸರು, ಡಬ್ಬಿಗಳ ಮೇಲಿದ್ದದ್ದು ಮಾವನವರ ಹೆಸರು. ಜೀವಮಾನವೆಲ್ಲ ಅಲ್ಲಿ ದುಡಿದರೂ ಅವರ ಹೆಸರು ಎಲ್ಲೂ ಇರಲಿಲ್ಲ. "ಇವತ್ತು ಇದಕ್ಕೆ ರಜಾ ಕೊಡಪ್ಪ. ನನ್ನ ಹೆಸರಿಟ್ಕೊಂಡು ರಾತ್ರಿಯೆಲ್ಲ ಉರೀತಾ ಕೂರೋದು ಬೇಡ, ಮಲಗ್ಲಿ" ಎಂದರು. ಯಾವತ್ತೂ ಆರಿಸದ ಕಂಪ್ಯೂಟರನ್ನು ಸಿಸ್ಟಮಣ್ಣ ಆ ಸಂಜೆ ಮಗುವನ್ನು ಮಲಗಿಸಿದಷ್ಟು ಜೋಪಾನವಾಗಿ ಆರಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಹೋದ. ಒಬ್ಬರ ಋಣ ತೀರಿಸಿದ ಸಂತೋಷದಲ್ಲಿ ಎದುರಿಗೆ ಕಂಡ ಕುರ್ಚಿಯ ಮೇಲೆ ಧಡಾರನೆ ಕುಳಿತ.

ಚಟಕ್ ಎಂದು ಸದ್ದಾಯಿತು. ಅದು ತನ್ನ ಮೂಳೆಯೇ ಆಗಿರಲಪ್ಪಾ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

"ಅಳಿಯಂದ್ರೇ, ಏನದು ಸದ್ದು?" ಎಂದು ಕಿಟಕಿಯ ಹತ್ತಿರ ಕುಳಿತಿದ್ದ ಮಾವ ಕೇಳಿದರು. ಮಾವ ಎಂದರೆ ಹೆಣ್ಣು ಕೊಟ್ಟ ಮಾವ, ಬಸ್ ಡ್ರೈವರು, ಮಗಳನ್ನು ನೋಡಿ ಹೋಗಲು ಬಂದಿದ್ದರು.

"ಏನಿಲ್ಲ ಮಾವ. ಕುರ್ಚಿ."

"ನನ್ನ ಕನ್ನಡಕ ಅಲ್ಲೇ ಎಲ್ಲೋ ಇಟ್ಟಿದ್ದೆ, ನೋಡಿ."

"ಇದೆ ಮಾವ."

"ಕೊಡಿ ಮತ್ತೆ."

"ಯಾವ ಭಾಗ ಕೊಡ್ಲಿ?"

ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. "ರೀ, ಮೊದ್ಲು ಎದ್ದೇಳ್ರೀ! ಮೇಲೇ ಕೂತ್ಕೊಂಡು ಏನು ಮಾತಾಡ್ತೀರಾ!" ಎದ್ದು ನೋಡಿದರೆ ಫ್ರೇಮು ಗಟ್ಟಿಯಾಗಿಯೇ ಇತ್ತು. ಗಾಜುಗಳು ಮಾತ್ರ ಪುಡಿಪುಡಿ. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು, ಅಳಿಯನಿದ್ದ ಕಡೆ ಇರಬಹುದೆಂದು ತೋರಿದ ದಿಕ್ಕಿಗೆ ತಿರುಗಿ ಹೇಳಿದರು:

"ನಾಡಿದ್ದು ಬೆಳಿಗ್ಗೆ ನಂಗೆ ಕಣ್ಣಿನ ಟೆಸ್ಟು. ಡ್ರೈವರುಗಳಿಗೆಲ್ಲ ಮಾಡ್ತಿದಾರೆ. ಕನ್ನಡಕ ಹಾಕ್ಕೊಂಡು ಓದಿದ್ರೆ ಸ್ಟೇರಿಂಗು, ಓದ್ದೇ ಇದ್ರೆ ಡಿಪೋ ಗೇಟಲ್ಲಿ ಸ್ಟೂಲು. ಆ ಸ್ಟೂಲ್ ಮೇಲೆ ಕೂತ್ಕೊಂಡು ಬೇರೆಯವರು ಬಸ್ ಓಡಿಸೋದು ನೋಡೋಕೆ ನನ್ನ ಕೈಲಾಗಲ್ಲ ಅಳಿಯಂದ್ರೇ. ನಂಗೆ ಬೇರೆ ಏನೂ ಬರಲ್ಲ."

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವವನು ಜಾಣ. "ನಾಳೆ ಮಧ್ಯಾಹ್ನದ ಹೊತ್ತಿಗೆ ಹೊಸ ಗಾಜು ನಿಮ್ಮ ಮೂಗಿನ ಮೇಲಿರುತ್ತೆ ಮಾವ. ಇಡೀ ವರ್ಕ್‌ಶಾಪು ನನ್ನ ಬೆರಳ ತುದೀಲಿದೆ" ಎಂದ ಸಿಸ್ಟಮಣ್ಣ.

"ಬೆರಳ ತುದೀಲೇ ಇರ್ಲಿ," ಎಂದರು ಮಾವ. "ಅದರ ಮೇಲೆ ಕೂತ್ಕೋಬೇಡಿ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋಗಿ, ಜೇಬಿನಲ್ಲಿದ್ದ ಖಾಲಿ ಫ್ರೇಮನ್ನೂ ಮಾವನ ಕಣ್ಣಿನ ನಂಬರಿನ ಚೀಟಿಯನ್ನೂ ಮೇಜಿನ ಮೇಲಿಟ್ಟು, ಸಿಸ್ಟಮಣ್ಣ ಕಂಪ್ಯೂಟರ್ ಆನ್ ಮಾಡಿದ. ಸಾಲುಗಳು ಪಟಪಟನೆ ಹತ್ತಿ ಹೋದವು. ಅರ್ಧದಲ್ಲಿ ಒಂದು ಸಾಲು ನಿಂತಿತು. ಸಿಸ್ಟಮಣ್ಣ ಆಕಳಿಸಿದ. ಅದು ನಿಂತೇ ಇತ್ತು. ಕಾಫಿ ಕುಡಿದು ಬಂದ. ನಿಂತೇ ಇತ್ತು. ಕೊನೆಗೆ ಯುನಿಕ್ಸ್ ತುಟಿ ಬಿಚ್ಚಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ, ಹಸಿರು ಅಕ್ಷರಗಳಲ್ಲಿ ಹೀಗೆ ಬಂತು:

'ದೊಡ್ಡಮ್ಮ: ಅನ್‌ನೋನ್ ಹೋಸ್ಟ್.'

ಕೆಳಗೆ ನೆಟ್‌ವರ್ಕ್ ಎಂಬ ಮಾತೂ ಇತ್ತು. ಅದರ ಕೆಳಗೆ, ಗಾಜು ಕೊರೆಯುವ ಪ್ರೋಗ್ರಾಂ ಶುರುವಾಗಲಿಲ್ಲ ಎಂಬ ಮಾತೂ ಇತ್ತು. ಸಿಸ್ಟಮಣ್ಣನಿಗೆ ಕಂಡದ್ದು ಮೊದಲನೆಯ ಸಾಲು ಮಾತ್ರ. ನಿನ್ನೆ ಯಾವ ಹೆಸರು ನೋಡಿ ಮುದುಕಿಯ ಕಣ್ಣಲ್ಲಿ ನೀರು ಬಂತೋ, ಇವತ್ತು ಅದೇ ಹೆಸರಿನ ಪಕ್ಕದಲ್ಲಿ 'ಯಾರೋ ಗೊತ್ತಿಲ್ಲ' ಎಂದು ಬರೆದಿದೆ! ಹೆಸರು ಬದಲಿಸಿದ್ದರಿಂದಲೇ ಹೀಗಾಯಿತೇನೋ ಎಂಬ ಅನುಮಾನ ಬಾಗಿಲ ತನಕ ಬಂತು. ಅವನು ಅದನ್ನು ಒಳಗೆ ಕರೆಯಲಿಲ್ಲ. ಗಾಜು ಒರೆಸುವ ದೊಡ್ಡ ಬಟ್ಟೆ ತಂದು ಪರದೆಯ ಮೇಲೆ ಹೊದಿಸಿದ.

ಮೇಸ್ತ್ರಿ ಇಣುಕಿದ. "ಇದೇನು ಸಿಸ್ಟಮಣ್ಣ, ಮುಸುಕು ಹಾಕ್ಕೊಂಡು ಮಲಗಿದೆ?"

"ನೆಟ್‌ವರ್ಕ್ ಪ್ರಾಬ್ಲಮ್ಮು ಮೇಸ್ತ್ರಿ."

"ಅದಕ್ಕೆ ನೆಟ್‌ವರ್ಕೇ ಇಲ್ವಲ್ಲ ಮಾರಾಯ!"

"ಇಲ್ದೇ ಇರೋದೇ ಪ್ರಾಬ್ಲಮ್ಮು. ಇದ್ದಿದ್ರೆ ಪ್ರಾಬ್ಲಂ ಯಾಕೆ ಬರ್ತಿತ್ತು?"

ಮೇಸ್ತ್ರಿ ಈ ಮಾತನ್ನು ಮುಂದಿನಿಂದಲೂ ಹಿಂದಿನಿಂದಲೂ ತಿರುಗಿಸಿ ನೋಡಿದ. ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವ ಅವನಿಗೆ ಇದರಲ್ಲಿ ಒಂದು ದೋಷವೂ ಸಿಗಲಿಲ್ಲ. ನೇರವಾಗಿ ದೊಡ್ಡಮ್ಮನ ಹತ್ತಿರ ಹೋಗಿ ಕಂಪ್ಯೂಟರಿಗೆ ಲೈನ್ ಇಲ್ಲವಂತೆ ಎಂದು ಹೇಳಿದ.

ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದರು. ಕಷ್ಟ ಎಂದು ಕೇಳಿದರೆ ಪರಿಹಾರ ಮಾಡದೆ ಬಿಡುವ ಹೆಂಗಸಲ್ಲ. "ಇಲ್ದಿದ್ರೆ ಹಾಕಿಸೋದಪ್ಪ, ಅದಕ್ಕೇನು? ಟೆಲಿಫೋನ್ ಆಫೀಸಿನ ಸಾಹೇಬ್ರು ನಮ್ಮ ಕನ್ನಡಕಾನೇ ಹಾಕ್ಕೊಳ್ಳೋದು. ಸಿಸ್ಟಮಣ್ಣನ್ನ ಕಳ್ಸು, ನಾನು ಹೇಳಿದೆ ಅಂತ ಹೇಳ್ಲಿ" ಎಂದರು. ತನ್ನ ಬಾಯಿಂದ ಹೊರಟ ಮಾತು ಹತ್ತು ಹೆಜ್ಜೆ ಹೋಗಿ ಅಪ್ಪಣೆಯಾಗಿ ವಾಪಸ್ಸು ಬಂದದ್ದನ್ನು ಕಂಡು ಸಿಸ್ಟಮಣ್ಣ ಬೆವರಿದ. ಇಲ್ಲ ಎನ್ನಬೇಕಾದರೆ ಮುಸುಕು ತೆಗೆದು ತೋರಿಸಬೇಕು. ತೆಪ್ಪಗೆ ಚಪ್ಪಲಿ ಮೆಟ್ಟಿಕೊಂಡು ಟೆಲಿಫೋನ್ ಆಫೀಸಿಗೆ ನಡೆದ.

ಅಲ್ಲಿನ ಸಾಹೇಬರು ಪೆನ್ನು ತೆಗೆದರು. "ನಂಬರ್ ಹೇಳಿ."

"ಯಾವ ನಂಬರ್ ಸಾರ್?"

"ಕೆಟ್ಟಿರೋ ಫೋನಿಂದು."

"ಫೋನ್ ಚೆನ್ನಾಗಿದೆ ಸಾರ್. ಕಂಪ್ಯೂಟರ್‌ದು ಕೆಟ್ಟಿರೋದು."

"ಸರಿ, ಅದಕ್ಕೆ ನಾವು ಯಾವ ಲೈನ್ ಕೊಟ್ಟಿದೀವಿ?"

"ಕೊಟ್ಟಿಲ್ಲ ಸಾರ್."

"ಮತ್ತೆ ಕೆಟ್ಟಿರೋದು ಯಾವುದು?"

"ನೀವು ಕೊಡದೇ ಇರೋ ಲೈನು."

ಸಾಹೇಬರು ಪೆನ್ನು ಕೆಳಗಿಟ್ಟರು. "ನೋಡಿ, ಆಫೀಸು ಅಂದ್ಮೇಲೆ ಒಂದು ಕ್ರಮ ಅಂತಿರುತ್ತೆ. ಮೊದ್ಲು ಲೈನಿಗೆ ಅರ್ಜಿ ಹಾಕಿ. ಅದು ಬರ್ಲಿ. ಬಂದ್ಮೇಲೆ ಕೆಡ್ಲಿ. ಖಂಡಿತ ಕೆಡುತ್ತೆ, ಅದರ ಬಗ್ಗೆ ನಿಮಗೆ ಯೋಚನೆ ಬೇಡ. ಆಮೇಲೆ ಬನ್ನಿ, ಕಂಪ್ಲೇಂಟ್ ತಗೋತೀನಿ. ಹುಟ್ಟೋಕೆ ಮುಂಚೆ ಕಾಯಿಲೆಗೆ ಔಷಧಿ ಕೇಳಿದ್ರೆ ಹೇಗೆ?"

"ದೊಡ್ಡಮ್ಮ ಹೇಳಿ ಕಳಿಸಿದ್ರು ಸಾರ್. ಕನ್ನಡಕದ ದೊಡ್ಡಮ್ಮ."

ಸಾಹೇಬರ ಮುಖ ಅರಳಿತು. ಎದ್ದು ನಿಂತರು. "ದೊಡ್ಡಮ್ಮನ ಕೆಲಸವಾ? ಮೊದ್ಲೇ ಹೇಳ್ಬಾರ್ದಾ! ನನ್ನ ಮಗಳಿಗೆ ಕಣ್ಣು ಕಾಣ್ದೇ ಇದ್ದಾಗ ಊರಲ್ಲಿ ಯಾರ ಕೈಲೂ ಆಗದ ಗಾಜು ಮಾಡ್ಕೊಟ್ಟೋರು ಅವ್ರು. ಆ ಲೈನ್ ನಾವು ಕೊಟ್ಟಿಲ್ದೇ ಇದ್ರೂ ಪರವಾಗಿಲ್ಲ, ರಿಪೇರಿ ಮಾಡಿಸ್ತೀನಿ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಸಿಸ್ಟಮಣ್ಣ ಮರಳಿ ವರ್ಕ್‌ಶಾಪು ಸೇರುವ ಹೊತ್ತಿಗೆ ಲೈನ್‌ಮ್ಯಾನು ಏಣಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ. ಈ ಲೈನ್‌ಮ್ಯಾನಿನದು ಒಂದೇ ಸಿದ್ಧಾಂತ: ಲೋಕದ ತೊಂದರೆಗಳೆಲ್ಲ ಜಾಯಿಂಟಿನಿಂದ ಬರುತ್ತವೆ. ದೊಡ್ಡಮ್ಮನ ಮಂಡಿಯನ್ನು ನೋಡಿ ಅವನು ಅರ್ಥಗರ್ಭಿತವಾಗಿ ತಲೆಯಾಡಿಸಿದ. ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿ, "ಇಲ್ಲಿ ಜಾಯಿಂಟೇ ಇಲ್ಲ" ಎಂದ. ಆಮೇಲೆ ಗಂಭೀರವಾಗಿ, "ಅಂದ್ರೆ ಹೊರಗಿದೆ" ಎಂದು ತೀರ್ಮಾನ ಕೊಟ್ಟು, ಏಣಿಯನ್ನು ಬಾಗಿಲಲ್ಲೇ ಬಿಟ್ಟು ಬೀದಿಯ ಕಂಬ ಹತ್ತಿದ. ಅಲ್ಲಿ ಏನನ್ನು ಬಿಚ್ಚಿದನೋ ಅವನಿಗೇ ಗೊತ್ತು. ಕಾಲು ಗಂಟೆಯಲ್ಲಿ ಇಡೀ ಬೀದಿಯ ಫೋನುಗಳೆಲ್ಲ ಒಟ್ಟಿಗೆ ಮೂಕವಾದವು.

ಮೊದಲು ಬಂದವರು ಔಷಧಿ ಅಂಗಡಿಯವರು. "ಏನ್ರೀ ಸಿಸ್ಟಮಣ್ಣ, ನಿಮ್ಮ ಕಂಪ್ಯೂಟರ್‌ಗೆ ಅದೇನೋ ಬಂದಿದೆಯಂತೆ, ನಮ್ಮ ಫೋನಿಗೂ ಹತ್ತಿದೆಯಲ್ರೀ! ಇದು ಅಂಟೋ ಜಾಡ್ಯವಾ?"

"ನಮ್ಮದಕ್ಕೆ ಯಾರ ಸಂಪರ್ಕವೂ ಇಲ್ಲ ಸ್ವಾಮಿ."

"ಸಂಪರ್ಕ ಇಲ್ದೇನೇ ಹರಡ್ತು ಅಂದ್ರೆ ಭಾರಿ ಜಾಡ್ಯಾನೇ ಬಿಡಿ" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ಹಿಂದೆಯೇ ಕ್ಷೌರದಂಗಡಿಯವನು ಬಂದ. ಅವನ ಹಿಂದೆ, ಅರ್ಧ ಗಡ್ಡ ಹೋಗಿ ಅರ್ಧ ಉಳಿದಿದ್ದ ಅವನ ಗಿರಾಕಿ ಬಂದ. ಆ ಮನುಷ್ಯ ಹೆಂಡತಿಯೊಂದಿಗೆ ಫೋನಿನಲ್ಲಿ ಜಗಳವಾಡುತ್ತಿದ್ದನಂತೆ. ಅವನು ಸೋಲುವ ಮಾತಿನ ಹೊತ್ತಿಗೆ ಸರಿಯಾಗಿ ಲೈನು ಕಡಿದುಹೋಯಿತಂತೆ. ಅವನು ಬಂದದ್ದು ಥ್ಯಾಂಕ್ಸ್ ಹೇಳಲು. ಸಿಸ್ಟಮಣ್ಣನಿಗೆ ಆ ದಿನ ದೊರೆತ ಮೊದಲನೆಯ ಸಾಂತ್ವನ ಅದೇ.

ಮಧ್ಯಾಹ್ನವಾಯಿತು. ಮಗಳ ಕೈ ಹಿಡಿದುಕೊಂಡು ಮಾವ ಬಂದರು. ಬಾಗಿಲಲ್ಲಿ ಏಣಿಯನ್ನು ಕಂಡು, "ನಮಸ್ಕಾರ ಸಾರ್, ಚೆನ್ನಾಗಿದೀರಾ?" ಎಂದರು. ಏಣಿ ಸುಮ್ಮನಿತ್ತು. "ದೊಡ್ಡ ಮನುಷ್ಯರಿಗೆ ಮಾತು ಕಮ್ಮಿ" ಎಂದು ಮಗಳಿಗೆ ಪಿಸುಗುಟ್ಟಿ ಒಳಗೆ ಬಂದರು.

"ಅಳಿಯಂದ್ರೇ, ಮಧ್ಯಾಹ್ನ ಆಯ್ತಲ್ಲ. ಆಯ್ತಾ ನನ್ನ ಗಾಜು?"

"ಇನ್ನೇನು ಮಾವ, ಒಂದು ಸಣ್ಣ..."

"ಇಲ್ಲ ಅಂದ್ರೆ ಇಲ್ಲ ಅಂದ್ಬಿಡಿ," ಎಂದು ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದಳು. "ಬೆಳಿಗ್ಗೆಯಿಂದ ಊಟ ಮಾಡಿಲ್ಲ ರೀ ಅಪ್ಪ. ಕೈಯನ್ನ ಸ್ಟೇರಿಂಗ್ ಹಿಡಿದ ಹಾಗೆ ಇಟ್ಕೊಂಡು ಸುಮ್ನೆ ಕೂತಿದ್ರು."

ಬೈಗುಳವಾಗಿದ್ದರೆ ಸಿಸ್ಟಮಣ್ಣ ತಡೆದುಕೊಳ್ಳುತ್ತಿದ್ದ, ಅವನಿಗೆ ಅಭ್ಯಾಸವಿತ್ತು. ಇದನ್ನು ತಡೆಯಲಾಗಲಿಲ್ಲ. ಮೇಜಿನ ಮೇಲಿದ್ದ ಖಾಲಿ ಫ್ರೇಮನ್ನು ಎತ್ತಿ ಹಿಡಿದುಕೊಂಡು ನಿಂತುಬಿಟ್ಟ. ಅಷ್ಟರಲ್ಲಿ ಕೋಲಿನ ಸದ್ದು ಕೇಳಿಸಿತು. ಗದ್ದಲ ಏನೆಂದು ನೋಡಲು ದೊಡ್ಡಮ್ಮ ತಾವೇ ಎದ್ದು ಬಂದಿದ್ದರು. ಅವನು ತಡೆಯುವ ಮೊದಲೇ ಕೋಲಿನ ತುದಿಯಿಂದ ಮುಸುಕನ್ನು ಎತ್ತಿದರು. ಕನ್ನಡಕ ಏರಿಸಿಕೊಂಡು ಓದಿದರು. ಮತ್ತೆ ಓದಿದರು.

"ದೊಡ್ಡಮ್ಮ ಯಾರೋ ಗೊತ್ತಿಲ್ಲ ಅಂತಿದೆ" ಎಂದರು.

ಮೇಸ್ತ್ರಿ ಛಾವಣಿ ನೋಡಿದ. ಔಷಧಿ ಅಂಗಡಿಯವರು ಅರ್ಧ ಗಡ್ಡದವನ ಹಿಂದೆ ಸರಿದರು. ಸಿಸ್ಟಮಣ್ಣ ಎರಡೂ ಕೈ ಜೋಡಿಸಿದ.

"ತಪ್ಪು ತಿಳ್ಕೋಬೇಡಿ ದೊಡ್ಡಮ್ಮ! ಅದು ನಿಮ್ಮನ್ನ ಅಂತಿಲ್ಲ. ನಿಮ್ಮನ್ನ ಗೊತ್ತಿಲ್ಲ ಅನ್ನೋಕೆ ಅದರಪ್ಪನಿಗೂ ಧೈರ್ಯ ಇಲ್ಲ. ಅದು ಅಂತಿರೋದು ತನ್ನನ್ನೇ. ಅದಕ್ಕೆ ತಾನು ಯಾರು ಅಂತಾನೇ ಗೊತ್ತಾಗ್ತಿಲ್ಲ..." ಎಂದವನು ಅಲ್ಲಿಗೇ ನಿಂತ. ಸಮಾಧಾನ ಮಾಡಲೆಂದು ಆಡಿದ ಮಾತು ತನ್ನ ಕಿವಿಗೇ ನಿಜವೆಂದು ಕೇಳಿಸಿತು. ಬೆಳಿಗ್ಗೆ ಬಾಗಿಲಲ್ಲೇ ನಿಲ್ಲಿಸಿದ್ದ ಅನುಮಾನ ಹೇಳದೆ ಕೇಳದೆ ಒಳಗೆ ಬಂದು ಕುಳಿತಿತು.

"ತನ್ನ ಹೆಸರು ತನಗೇ ಗೊತ್ತಾಗದೇ ಇರೋದಂದ್ರೇನು? ಹೆಸರಿಟ್ಟೋನು ನೀನು. ಅದಕ್ಕೆ ಹೇಳಿದ್ಯೋ ಇಲ್ವೋ?"

"ಹೇಳಿದೆ ದೊಡ್ಡಮ್ಮ. ಮುಂದುಗಡೆ, ಹೆಸರು ಕಾಣೋ ಜಾಗದಲ್ಲಿ ಬರೆದೆ."

"ಒಳಗೆ?"

ಸಿಸ್ಟಮಣ್ಣ ಹಣೆ ಚಚ್ಚಿಕೊಂಡ.

ದೊಡ್ಡಮ್ಮನ ಭುಜ ಕುಲುಕಿತು. ಅಳುತ್ತಿದ್ದಾರೆಂದು ಎಲ್ಲರೂ ಹೆದರಿದರು. ಅವರು ನಗುತ್ತಿದ್ದರು. "ಅಯ್ಯೋ ನಿನ್ನ! ಬಾಗಿಲಿಗೆ ಬೋರ್ಡ್ ಹಾಕಿ ಮನೆ ಒಳಗಿನವರಿಗೆ ಹೇಳ್ದೇ ಇದ್ರೆ ಹೇಗಪ್ಪ? ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಹೀಗೇ ಆಗಿತ್ತು. ಸ್ಕೂಲಿನ ಗೆಳತಿ ಒಬ್ಳು ನನ್ನ ಹೆಸರು ಹೇಳ್ಕೊಂಡು ಹುಡುಕ್ಕೊಂಡು ಬಂದ್ರೆ, ಒಳಗಿನೋರು 'ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ' ಅಂತ ವಾಪ್ಸು ಕಳಿಸ್ಬಿಟ್ರು. ನಾನು ಒಳಗೇ ಇದ್ದೆ, ಪಾತ್ರೆ ತೊಳೀತಾ."

ಸಂಗತಿ ಇದ್ದದ್ದು ಹೀಗೆ. ಯುನಿಕ್ಸ್ ಎಂಬುದು ಕ್ರಮದ ಮನುಷ್ಯ. ಬಲಗೈಯಲ್ಲಿ ಆರ್ಡರ್ ತೆಗೆದುಕೊಂಡು ಎಡಗೈಗೆ ಕೆಲಸ ಒಪ್ಪಿಸುವಾಗಲೂ ಅದು ಹೆಸರು ಹಿಡಿದೇ ಕರೆಯುತ್ತದೆ. ಹೆಸರಿಗೆ ವಿಳಾಸ ಯಾವುದೆಂದು ತನ್ನೊಳಗಿನ ಒಂದು ಫೈಲಿನಲ್ಲಿ ನೋಡುತ್ತದೆ. ಅಲ್ಲಿ ಇನ್ನೂ ಕಂಪನಿಯವರು ಇಟ್ಟ ಕೈದಿಯ ಹೆಸರೇ ಇತ್ತು. 'ದೊಡ್ಡಮ್ಮ' ಎಂಬುವರ ಮನೆ ಎಲ್ಲಿ ಎಂದು ಕಂಪ್ಯೂಟರ್ ಒಳಗೆ ಕೇಳಿತು, ಸಿಗಲಿಲ್ಲ. ಇಲ್ಲದ ನೆಟ್‌ವರ್ಕಿಗೆ ಹೋಗಿ, ಇಲ್ಲದ ನೆರೆಹೊರೆಯವರನ್ನೆಲ್ಲ ಕೇಳಿತು. ಅವರು ಉತ್ತರ ಕೊಡಲೆಂದು ಕಾದು ಕುಳಿತಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವುದೆಂದರೆ ಇದೇ. ಬೆಳಿಗ್ಗೆಯಿಂದ ಸಿಸ್ಟಮಣ್ಣನೂ ಅದನ್ನೇ ಮಾಡಿದ್ದ, ಟೆಲಿಫೋನ್ ಆಫೀಸಿನ ತನಕ ನಡೆದುಕೊಂಡು ಹೋಗಿ.

"ಅದರ ಹಳೇ ಹೆಸರೇ ಇಟ್ಬಿಡಪ್ಪ," ಎಂದರು ದೊಡ್ಡಮ್ಮ, ನಗುವನ್ನು ಒರೆಸಿಕೊಂಡು. "ನಿಮ್ಮ ಮಾವನ ಗಾಜು ಮುಖ್ಯ. ನನ್ನ ಹೆಸರು ಒಂದು ದಿನ ಇತ್ತಲ್ಲ, ಸಾಕು."

ಸುಲಭದ ದಾರಿ ಅದೇ ಆಗಿತ್ತು. ಸಿಸ್ಟಮಣ್ಣ ಹುಟ್ಟಿದಾರಭ್ಯ ಸುಲಭದ ದಾರಿ ಬಿಟ್ಟವನಲ್ಲ. ಆದರೆ ಅಂದು ತಲೆಯಲ್ಲಾಡಿಸಿದ. "ಒಂದು ಪದ ಸೇರಿಸಿದ್ರೆ ಸಾಕು ದೊಡ್ಡಮ್ಮ. ನೀವು ನನ್ನನ್ನ ಒಳಗೆ ಸೇರಿಸ್ಕೊಂಡ್ರಿ. ನಾನು ನಿಮ್ಮನ್ನ ಒಂದು ಫೈಲಿಗೆ ಸೇರಿಸೋಕಾಗಲ್ವಾ?" ಎಂದು ಕುಳಿತು, ಒಂದೊಂದೇ ಅಕ್ಷರವನ್ನು ಬೆರಳಿನಿಂದ ಕುಟ್ಟಿ, ಆ ಫೈಲಿನಲ್ಲಿ ಕಂಪ್ಯೂಟರಿನ ಸ್ವಂತ ವಿಳಾಸದ ಎದುರಿಗೆ ದೊಡ್ಡಮ್ಮ ಎಂದು ಬರೆದ. ಆರಿಸಿ, ಉಸಿರು ಬಿಗಿಹಿಡಿದು, ಮತ್ತೆ ಆನ್ ಮಾಡಿದ.

ಸಾಲುಗಳು ಪಟಪಟನೆ ಹತ್ತಿ ಹೋದವು. ಬೆಳಿಗ್ಗೆ ನಿಂತ ಜಾಗ ಬಂತು. ಅದೇ ಕ್ಷಣಕ್ಕೆ ಕಂಬದ ಮೇಲಿಂದ ಲೈನ್‌ಮ್ಯಾನು, "ಜಾಯಿಂಟ್ ಹಾಕ್ದೆ! ಈಗ ನೋಡ್ರೀ!" ಎಂದು ಕೂಗಿದ. ಸಾಲು ದಾಟಿತು. ಗಾಜು ಕೊರೆಯುವ ಮಷಿನ್ನು ಗುಂಯ್ ಎಂದಿತು. ಔಷಧಿ ಅಂಗಡಿಯಲ್ಲಿ ಫೋನು ಬಡಿದುಕೊಂಡಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇಷ್ಟು ಕರಾರುವಾಕ್ಕಾಗಿ ಹೊಂದಿಕೆಯಾದದ್ದು ಆ ಬೀದಿಯ ಚರಿತ್ರೆಯಲ್ಲೇ ಇಲ್ಲ.

ಲೈನ್‌ಮ್ಯಾನು ಇಳಿದು ಬಂದು, ಕೈ ಒರೆಸಿಕೊಳ್ಳುತ್ತ, "ನಾನು ಹೇಳ್ಲಿಲ್ವಾ? ಎಲ್ಲಾ ಜಾಯಿಂಟೇ" ಎಂದ. ಸಿಸ್ಟಮಣ್ಣನಿಗೆ ಸತ್ಯ ಗೊತ್ತಿತ್ತು. ಆದರೆ ಅವನ ಎದೆ ಆಗ ಎಷ್ಟು ತುಂಬಿತ್ತೆಂದರೆ, ಉಪಕಾರ ಮಾಡಿದವರು ಮಾಡದವರು ಎಂದು ಬೇರ್ಪಡಿಸುವಷ್ಟು ಜಾಗ ಅಲ್ಲಿರಲಿಲ್ಲ. ಲೈನ್‌ಮ್ಯಾನಿನ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದ. ಔಷಧಿ ಅಂಗಡಿಯವರಿಗೆ ಹೇಳಿದ. ಏಣಿಗೂ ಹೇಳುತ್ತಿದ್ದನೋ ಏನೋ, ಅಷ್ಟರಲ್ಲಿ ಲೈನ್‌ಮ್ಯಾನು ಅದನ್ನು ಹೊತ್ತುಕೊಂಡು ಹೋದ. ಅರ್ಧ ಗಡ್ಡದವನು ಮಾತ್ರ, ಫೋನು ಸರಿಯಾದ ಸುದ್ದಿ ಕೇಳಿ, ಖಿನ್ನನಾಗಿ ಉಳಿದರ್ಧ ಬೋಳಿಸಿಕೊಳ್ಳಲು ಹೊರಟ.

ಸಂಜೆಯ ಹೊತ್ತಿಗೆ ಮೇಸ್ತ್ರಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸಿದ. ಮಾವ ಹಾಕಿಕೊಂಡರು. ಕೋಣೆಯನ್ನು ಒಂದು ಸುತ್ತು ನೋಡಿದರು. ಮಗಳನ್ನು ನೋಡಿದರು. ದೊಡ್ಡಮ್ಮನ ಮುಂದೆ ನಿಂತು, "ಅಮ್ಮಾ, ನಿಮ್ಮ ಉಪಕಾರ..." ಎಂದು ಶುರು ಮಾಡಿದವರು ಮುಂದೆ ಹೇಳಲಾಗದೆ, ಹೊಸ ಗಾಜನ್ನು ತೆಗೆದು ಅಂಗಿಯ ಚುಂಗಿನಿಂದ ಸುಮ್ಮನೆ ಒರೆಸತೊಡಗಿದರು. "ಇನ್ನೂ ಕೊಳೆಯಾಗಿಲ್ಲ, ಹಾಕ್ಕೊಳ್ಳಿ" ಎಂದರು ದೊಡ್ಡಮ್ಮ.

ಮಾರನೆಯ ದಿನ ಟೆಸ್ಟಿನಲ್ಲಿ ಮಾವ ಬೋರ್ಡಿನ ಮೇಲಿನ ಅಕ್ಷರಗಳನ್ನೆಲ್ಲ ಓದಿ, ಅದರ ಕೆಳಗಿದ್ದ ಪ್ರೆಸ್ಸಿನ ವಿಳಾಸವನ್ನೂ ಓದಿ, ಕಿಟಕಿಯಾಚೆಯ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ನಂಬರನ್ನೂ ಓದಿದರಂತೆ. "ಸಾಕು ಮಾರಾಯ್ರೇ, ಹೋಗಿ ಬಸ್ ಓಡಿಸಿ" ಎಂದು ಡಾಕ್ಟರು ಕೈ ಮುಗಿದರಂತೆ.

ಅದರ ಮರುದಿನ ಬೆಳಿಗ್ಗೆ ಸಿಸ್ಟಮಣ್ಣ ಮನೆಯಿಂದ ಹೊರಟದ್ದು ಎಂದಿನಂತೆ ತಡವಾಗಿ. ವರ್ಕ್‌ಶಾಪಿನ ಕಡೆಗೆ ಹೋಗುವ ಬಸ್ಸು ಮಾವನದೇ. ಮಾವನ ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ. ಮಗಳ ಮದುವೆಯ ದಿನ ಅರ್ಧ ಬೀಗರನ್ನು ಸ್ಟಾಪಿನಲ್ಲೇ ಬಿಟ್ಟು ಹೊರಟ ಮನುಷ್ಯ ಅವರು. ಅಳಿಯನಾದ ಮೇಲೆ ಸಿಸ್ಟಮಣ್ಣನಿಗೆ ಎಷ್ಟೋ ಬೆಳಿಗ್ಗೆ ಕಂಡದ್ದು ಆ ಬಸ್ಸಿನ ಬೆನ್ನು ಮಾತ್ರ. ಇವತ್ತೂ ಹೋಗಿಯೇಬಿಟ್ಟಿರುತ್ತದೆ ಎಂದುಕೊಂಡು, ಓಡುವ ಗೊಡವೆಗೇ ಹೋಗದೆ ಬೀದಿಯ ತಿರುವಿಗೆ ಬಂದ.

ಬಸ್ಸು ನಿಂತಿತ್ತು. ಬಾಗಿಲು ತೆರೆದಿತ್ತು. ಒಳಗೆ ಜನ ಗೊಣಗುತ್ತಿದ್ದರು. ಕಂಡಕ್ಟರು ಸೀಟಿ ಊದಿ ಊದಿ ಸೋತು ಕುಳಿತಿದ್ದ. "ಯಾಕ್ರೀ ಡ್ರೈವರೇ, ಇಂಜಿನ್ ಕೆಟ್ಟಿದೆಯಾ? ಆಫೀಸಿಗೆ ಹೊತ್ತಾಯ್ತು!" ಎಂದು ಯಾರೋ ಕೂಗಿದರು.

ಮಾವ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕಿಟಕಿಯಿಂದಾಚೆ ನೋಡುತ್ತಿದ್ದರು. "ಇಂಜಿನ್‌ಗೇನಾಗಿದೆ? ಚೆನ್ನಾಗಿದೆ. ನಮ್ಮ ಅಳಿಯಂದ್ರು ಬರ್ತಿದಾರೆ, ಸ್ವಲ್ಪ ಕಾಯ್ರಿ. ಅಗೋ, ಆ ತಿರುವಿನಲ್ಲಿ. ಅಂಗಿ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕ್ಕೊಂಡಿದಾರೆ. ಇಲ್ಲಿಂದಾನೇ ಕಾಣ್ತಿದೆ ನಂಗೆ."

ಬಸ್ಸಿನವರೆಲ್ಲ ಒಂದು ಕಡೆಗೆ ವಾಲಿ ನೋಡಿದರು. ಸಿಸ್ಟಮಣ್ಣ ಗುಂಡಿ ಸರಿಮಾಡಿಕೊಳ್ಳಲು ಹೋದ, ಆಗಲಿಲ್ಲ. ಹಾಗೇ ಬಸ್ಸಿನ ಬಾಗಿಲಿಗೆ ಓಡಿ ಬಂದ. ಕಣ್ಣಿಗೆ ನೀರು ತುಂಬಿಕೊಂಡು, ಮೆಟ್ಟಿಲು ಎಲ್ಲಿದೆ ಎಂದು ಕಾಣದೆ ಎಡವಿದ.

"ನಿಧಾನ ಅಳಿಯಂದ್ರೇ," ಎಂದರು ಮಾವ. "ನೀವು ಹತ್ತೋ ತನಕ ಈ ಬಸ್ ಎಲ್ಲೂ ಹೋಗಲ್ಲ."